ಕೆಂಪಾಗಬಾರದಿದ್ದ ಟೊಮೆಟೊ

ಎಲ್ಲ ಎಡವಟ್ಟಿಗೂ ಕಾರಣ ಒಂದು ಟೊಮೆಟೊ. ಕೆಂಪಾಗಬಾರದಿತ್ತು, ಆಯಿತು.

ಟೊಮೆಟೊ ಹಣ್ಣಾಗಿಸುವ ಜೀನಿಗೊಂದು ಸ್ವಿಚ್ಚಿದೆ. ತಿಳಿದವರು ಅದನ್ನು ಪ್ರೊಮೋಟರ್ ಅನ್ನುತ್ತಾರೆ. ಅದು ಜೀನಿನ ಪಕ್ಕದಲ್ಲೇ ಇದೆಯೆಂದು ಜೀನುಗಳ ವಿವರ ಕೂಡಿಡುವ ಆರು ದೊಡ್ಡ ಡೇಟಾಬೇಸುಗಳು ಒಂದೇ ರಾಗ ಹಾಡುತ್ತಿದ್ದವು. ಪ್ರಯೋಗಾಲಯದವರು ಸ್ವಿಚ್ಚಪ್ಪ ಎಂದು ಕರೆಯುವ ನಮ್ಮ ಸಂಶೋಧಕ ಆ ಜಾಗವನ್ನೇ ಕತ್ತರಿಸಿ ಗಿಡ ಬೆಳೆಸಿದ. ಕಾಯಿಯಾಗಿಯೇ ಉಳಿಯಬೇಕಿದ್ದ ಟೊಮೆಟೊ ಹಣ್ಣಾಗಿ ನಕ್ಕಿತು. ಅಂದರೆ ಸ್ವಿಚ್ಚು ಬೇರೆಲ್ಲೋ ಇದೆ.

ಮುಖ್ಯಸ್ಥರು ಟೊಮೆಟೊ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವರು ಗಿಡ ಮುಟ್ಟಿ ಯಾವ ಕಾಲವಾಯಿತೋ.

"ಸಂಜೆಯೊಳಗೆ ಡೇಟಾಬೇಸಲ್ಲಿ ತಿದ್ದಿಸು. ಹೊಸ ವಿಷಯ ಅಂತ ಅವ್ರು ಒಪ್ಪಿದ್ರೆ ನಿನ್ನ ಕೆಲಸ ಮುಂದುವರಿಯುತ್ತೆ. ಇಲ್ದಿದ್ರೆ ಮೇಜು ಖಾಲಿ ಮಾಡು."

ಸ್ವಿಚ್ಚಪ್ಪ ಮೊದಲನೇ ಡೇಟಾಬೇಸಿಗೆ ಫೋನು ಹಚ್ಚಿದ. "ಈ ಜಾಗ ನಿಮಗೆ ಹೇಳಿದ್ಯಾರು?"

"ಎರಡನೆಯವರು."

ಎರಡನೆಯವರು ಮೂರನೆಯವರತ್ತ ಕೈ ತೋರಿಸಿದರು. ಹೀಗೇ ಸುತ್ತಿ ಸುತ್ತಿ ಆರನೆಯವರನ್ನು ಕೇಳಿದರೆ, "ಮೊದಲನೇ ಡೇಟಾಬೇಸಲ್ಲೇ ಇದೆಯಲ್ರೀ."

"ಯಾರಾದ್ರೂ ಟೊಮೆಟೊ ನೋಡಿದ್ರಾ ಸಾರ್?"

"ಅದು ನಮ್ಮ ಕೆಲ್ಸ ಅಲ್ಲಪ್ಪ. ನಾವು ಡೇಟಾ ನೋಡ್ತೀವಿ."

ಸ್ವಿಚ್ಚಪ್ಪನಿಗೆ ಮೈ ಉರಿದುಹೋಯಿತು. ಅಷ್ಟರಲ್ಲಿ ಯಾರೂ ಕೇಳದೆಯೇ ಬುದ್ಧಿ ಹೇಳುವ ಪಕ್ಕದ ಮೇಜಿನ ಮೇಡಂ ಕುರ್ಚಿ ಎಳೆದುಕೊಂಡು ಬಂದರು.

"ಮನುಷ್ಯರ ಜತೆ ಯಾಕ್ರೀ ಜಗಳ? ಈಗೆಲ್ಲ ಯಂತ್ರದ್ದೇ ಕಾಲ. ಡೇಟಾಬೇಸಿಗೆ ಪ್ರಬಂಧ ಕಳಿಸಿದ್ರೆ ಅವರ ಯಂತ್ರವೇ ಓದಿ ದಾಖಲಿಸಿಕೊಳ್ಳುತ್ತೆ. ಆ ಹಳೇ ಜಾಗ ತಪ್ಪು ಅಂತ ಒಂದ್ಸಲ ಅಲ್ಲ, ಪುಟಪುಟಕ್ಕೂ ಬರೀರಿ. ಆಗ ತಲೆಗೆ ಹೋಗುತ್ತೆ."

ತಲೆಯೇ ಇಲ್ಲದ್ದಕ್ಕೆ ಎಲ್ಲಿಂದ ಹೋಗಬೇಕು? ಆದರೂ ಕೆಲಸ ಉಳಿಸಿಕೊಳ್ಳುವ ಆಸೆ. ಊಟ ಬಿಟ್ಟು ಕೂತು, ಹಳೇ ಜಾಗದ ಹೆಸರೆತ್ತಿ ಎತ್ತಿ ಬೈದು, ಗಿಡದ ಪ್ರಯೋಗವನ್ನೂ ಸೇರಿಸಿ ಕಳಿಸಿದ.

ಸಂಜೆಗೆ ಸರಿಯಾಗಿ ಉತ್ತರ ಬಂತು. ಮುಖ್ಯಸ್ಥರೇ ತಮ್ಮ ಕಂಪ್ಯೂಟರಿನಲ್ಲಿ ಓದಿದರು: "ಧನ್ಯವಾದಗಳು. ಹಳೆಯ ಜಾಗದ ಉಲ್ಲೇಖ ತಮ್ಮ ಪ್ರಬಂಧದಲ್ಲಿ ಹೇರಳವಾಗಿದೆ. ಆದ್ದರಿಂದ ತಮ್ಮನ್ನು ಏಳನೆಯ ಸಾಕ್ಷಿಯಾಗಿ ಸೇರಿಸಲಾಗಿದೆ. ಈ ಜಾಗವನ್ನು ಪ್ರಯೋಗದಿಂದ ದೃಢಪಡಿಸಿದ ಮೊದಲಿಗರು ತಾವೇ."

"ಸಾರ್, ನಾನು ಅಲ್ಲ ಅಂತ ಬರೆದಿದ್ದು!"

"ಊರಿಗೆಲ್ಲ ಗೊತ್ತಿರೋದನ್ನೇ ಮತ್ತೆ ಕಂಡುಹಿಡಿದ್ಯಲ್ಲಪ್ಪ," ಎಂದು ಮುಖ್ಯಸ್ಥರು ಲೊಚಗುಟ್ಟಿದರು. "ಇದಕ್ಕೆ ಸಂಬಳ ಬೇರೆ ಕೊಡ್ಬೇಕಾ? ಮೇಜು ಖಾಲಿ ಮಾಡು. ಹೋಗ್ತಾ ಆ ಟೊಮೆಟೊ ಕಾಯಿನೂ ತಗೊಂಡು ಹೋಗು."

"ಕಾಯಲ್ಲ ಸಾರ್, ಹಣ್ಣು. ಒಂದ್ಸಲ ನೋಡಿ."

ಮುಖ್ಯಸ್ಥರು ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. "ನೋಡೋದೇನು, ಸ್ವಿಚ್ಚು ಕತ್ತರಿಸಿದ್ಮೇಲೆ ಕಾಯೇ. ನೀನೇ ಸಾಕ್ಷಿ ಹೇಳಿದೀಯಲ್ಲ."