ಸಾಮಿಲ್ಲಿನ ತಿರುವಿನ ಸುಂಕದವರು ಕೆಲಸಕ್ಕೆ ಮರಳಬೇಕೆಂದು ಕೋರಿ

ಸಾಮಿಲ್ಲಿನ ಹಿಂಬದಿ ಗೇಟಿನ ಎದುರು, ಮರದ ಹೊಟ್ಟಿನ ರಾಶಿಯ ಮೇಲೆ ಪವಡಿಸಿರುವ, ಕಂದು ಮೈಯ, ಒಂದು ಕಿವಿ ಮಡಿಚಿದ ಶ್ವಾನವರ್ಯರ ಸನ್ನಿಧಿಗೆ.

ಮಾನ್ಯರೇ,

ತಮ್ಮ ನಾಲ್ಕೂ ಕಾಲುಗಳಿಗೆ ಬೇರೆಬೇರೆಯಾಗಿ ನಮಸ್ಕಾರಗಳು. ಬಾಲವು ಈಚೆಗೆ ಕಂಡವರಿಗೆಲ್ಲ ಅಲ್ಲಾಡತೊಡಗಿರುವುದರಿಂದ ಅದಕ್ಕೆ ಸಲ್ಲಬೇಕಾದ ನಮಸ್ಕಾರವನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ. ತಾವು ಕ್ಷೇಮವಾಗಿದ್ದೀರಿ, ಇರಬೇಕಾದ್ದಕ್ಕಿಂತ ತುಸು ಹೆಚ್ಚೇ ಕ್ಷೇಮವಾಗಿದ್ದೀರಿ ಎಂಬುದನ್ನು ದಿನವೂ ಕಣ್ಣಾರೆ ಕಾಣುತ್ತಿದ್ದೇನೆ. ನನ್ನ ದೂರು ಕೂಡ ಅದೇ.

ತಾವು ನನ್ನನ್ನು ಬಲಗಾಲಿನ ಹಿಮ್ಮಡಿಯ ಮೂಲಕ ಬಲ್ಲಿರಿ, ನಾನು ತಮ್ಮನ್ನು ಹಲ್ಲುಗಳ ಮೂಲಕ ಬಲ್ಲೆ. ದಂತವೈದ್ಯರು ಕಳಿಸುವ ಅಚ್ಚಿಗೆ ಹೊಂದುವಂತೆ ಹಲ್ಲಿನ ಸೆಟ್ಟು ಕಟ್ಟಿಕೊಡುವ ಪುಟ್ಟ ಲ್ಯಾಬಿನಲ್ಲಿ, ಕಿಟಕಿ ಪಕ್ಕದ ಮೇಜಿಗೆ ಕೂತು, ಬೇರೆಯವರ ನಗುವನ್ನು ಉಜ್ಜಿ ನುಣುಪು ಮಾಡುವುದು ನನ್ನ ಕಸುಬು. ಆದ್ದರಿಂದ ತಮ್ಮ ಮೇಲ್ದವಡೆಯ ಎಡಗೋರೆಹಲ್ಲು ಮುರಿದಿದೆ, ಉಳಿದವು ಇಂದಿಗೂ ಗಟ್ಟಿಯಾಗಿವೆ ಎಂದು ನಾನು ಹೇಳಿದರೆ ಅದು ಮುಖಸ್ತುತಿಯಲ್ಲ, ಬಲ್ಲವನ ಮಾತು. ವಯಸ್ಸಾಯಿತು, ಹಲ್ಲು ಹೋಯಿತು ಎಂಬ ನೆಪ ನನ್ನೆದುರು ನಡೆಯದು.

ಮೊದಲು ತಮ್ಮ ಗತವೈಭವವನ್ನು ನೆನೆಯುತ್ತೇನೆ. ಬೆಳಿಗ್ಗೆ ಕೆಲಸಕ್ಕೆ ಹೊರಟ ಯಾವ ಸೈಕಲ್ಲೂ ತಮ್ಮ ತಿರುವನ್ನು ಪುಕ್ಕಟೆಯಾಗಿ ದಾಟಿದ್ದಿಲ್ಲ. ಒಂದು ಚೀತ್ಕಾರ, ಒಂದು ಚಪ್ಪಲಿ, ಏನೂ ಇಲ್ಲದಿದ್ದರೆ ಅಂಗೈಯಗಲದ ಪ್ಯಾಂಟಿನ ತುಂಡನ್ನಾದರೂ ತೆತ್ತೇ ಮುಂದೆ ಹೋಗಬೇಕಿತ್ತು. ಅದಕ್ಕೇ, ಇದೇ ದಾರಿಯಲ್ಲಿ ಸೈಕಲ್ ತುಳಿದು ಶಾಲೆಗೆ ಹೋಗುವ ಗಣಿತದ ಮೇಷ್ಟ್ರು ತಮಗೆ ‘ಸುಂಕದವರು’ ಎಂದು ಹೆಸರಿಟ್ಟದ್ದು. ಸುಂಕದವರ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ಗಾದೆ ನನಗೆ ತಿಳಿಯದ್ದೇನಲ್ಲ. ಹೇಳಿಕೊಳ್ಳಲು ಬೇರೆ ಕಚೇರಿಗಳೂ ಇವೆ. ಆದರೆ ಅಲ್ಲಿಯವರು ತಮ್ಮಂತೆ ಕಿವಿ ನಿಮಿರಿಸುವುದಿಲ್ಲ.

ಜಾಣರಾದವರು ಇಂಥ ತಿರುವನ್ನು ನಾಲ್ಕು ಜನ ಸೇರಿ ದಾಟುತ್ತಾರೆ. ಆದರೆ ಬೆಳೆದು ನಿಂತ ಮನುಷ್ಯ, ನಾಯಿಗೆ ಹೆದರುತ್ತೇನೆಂದು ಬಾಯಿಬಿಟ್ಟು ಹೇಳುವುದುಂಟೆ? ಹೀಗಾಗಿ ತಿರುವಿಗೆ ಸ್ವಲ್ಪ ಹಿಂದೆ, ಮುಚ್ಚಿಹೋದ ಪೆಟ್ರೋಲ್ ಬಂಕಿನ ಮುಂದೆ, ವಿಚಿತ್ರವಾದೊಂದು ಆಚಾರ ಹುಟ್ಟಿಕೊಂಡಿತು. ಮೇಷ್ಟ್ರು ಅಲ್ಲಿಗೆ ಬಂದೊಡನೆ ಇಳಿದು, ಸರಿಯಾಗಿಯೇ ಇರುವ ಚೈನನ್ನು ಎಳೆದೆಳೆದು ನೋಡಿ ‘ಛೇ’ ಅನ್ನುವರು. ಬಿಗಿ ಉಡುಪು ತೊಟ್ಟು, ನನ್ನದರಂಥ ಆರು ಸೈಕಲ್ಲಿನ ಬೆಲೆಯ ಒಂದೇ ಸೈಕಲ್ಲಿನಲ್ಲಿ ಬರುವ ಹೆಲ್ಮೆಟ್ ಸಾಹೇಬರಿಗೆ ಸರಿಯಾಗಿ ಅಲ್ಲಿಯೇ ಬಾಯಾರುವುದು. ಕಿವಿಗೆ ಹಾಡು ಸಿಕ್ಕಿಸಿಕೊಂಡ ಕಾಲೇಜು ಹುಡುಗಿ ಒಮ್ಮೆಲೇ ಹಾಡು ಬದಲಿಸಲು ನಿಲ್ಲುವಳು. ನಾನು ತುಂಬಿ ಬಿಗಿದಿರುವ ಟೈರಿಗೆ ಕೈಪಂಪಿನಿಂದ ಗಾಳಿ ಹೊಡೆಯುವೆನು. ಎಲ್ಲರೂ ಓರೆಗಣ್ಣಿನಲ್ಲೇ ತಲೆ ಎಣಿಸಿ, ಸಾಕಷ್ಟು ಜನ ಕೂಡಿದೆವು ಅನ್ನಿಸಿದಾಗ, ಯಾರೂ ಯಾರನ್ನೂ ಕರೆಯದೆ, ಒಟ್ಟಿಗೆ ಹೊರಡುವೆವು. ಬಹಳ ಕಾಲ ನಾವು ಒಬ್ಬರನ್ನೊಬ್ಬರು ಮಾತಾಡಿಸಿದ್ದಿಲ್ಲ. ಒಂದು ದಿನ ಹೊಡೆದೂ ಹೊಡೆದೂ ನನ್ನ ಟ್ಯೂಬು ಢಮ್ಮೆಂದು ಸಿಡಿದಾಗ ಹೆಲ್ಮೆಟ್ ಸಾಹೇಬರ ಬಾಯಲ್ಲಿದ್ದ ನೀರು ಮೇಷ್ಟ್ರ ಶರ್ಟಿನ ಮೇಲೆ ಹಾರಿತು, ಹುಡುಗಿ ಕಿವಿಯಿಂದ ಹಾಡು ಕಿತ್ತಳು, ಮೂವರೂ ಬಗ್ಗಿ ನನ್ನ ಚಕ್ರ ಬಿಚ್ಚಿದರು. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಅದೇ ದಿನಗಳಲ್ಲಿ ನಗರಾಡಳಿತದ ಸೈಕಲ್ ಪ್ರೋತ್ಸಾಹ ಘಟಕವು ಸಾಮಿಲ್ಲಿನ ಗೋಡೆಗೆ ದೊಡ್ಡ ಭಿತ್ತಿಪತ್ರವೊಂದನ್ನು ಅಂಟಿಸಿತು. ಅದರಲ್ಲಿ ಬಗೆಬಗೆಯ ವಯಸ್ಸಿನ ಜನ ಹಲ್ಲು ಕಿರಿದು ಸೈಕಲ್ ತುಳಿಯುತ್ತಿದ್ದಾರೆ (ಆ ಹಲ್ಲುಗಳು ನೈಜವಲ್ಲ, ನಾನು ಬಲ್ಲೆ), ಕೆಳಗೆ ‘ಬನ್ನಿ, ಜೊತೆಯಾಗಿ ಸಾಗೋಣ’ ಎಂದು ಬರೆದಿದೆ. ರಸ್ತೆಯಂಚಿಗೆ ಹಸಿರು ಬಣ್ಣ ಬಳಿದ ಸೈಕಲ್ ಪಥವನ್ನು ಉದ್ಘಾಟಿಸಲು ಬಂದ ಘಟಕದ ಮುಖ್ಯಸ್ಥರು, ಜಾಗ ಖಾಲಿಯಿದ್ದುದರಿಂದ, ತಮ್ಮ ಕಾರನ್ನು ಆ ಪಥದ ಮೇಲೆಯೇ ನಿಲ್ಲಿಸಿದರು. ಅಂದು ಆ ಕಾರಿನ ನಾಲ್ಕೂ ಚಕ್ರಗಳ ಬಗ್ಗೆ ತಾವು ಕಾಲೆತ್ತಿ ವ್ಯಕ್ತಪಡಿಸಿದ ಅಭಿಪ್ರಾಯವನ್ನು ನಾವು ಇಂದಿಗೂ ಗೌರವದಿಂದ ಸ್ಮರಿಸುತ್ತೇವೆ. ಆ ಘಟಕ ಬಣ್ಣ, ಬ್ಯಾನರು, ಭಾಷಣ ಎಲ್ಲವನ್ನೂ ಬಳಸಿ ಒಬ್ಬನನ್ನು ಇನ್ನೊಬ್ಬನ ಪಕ್ಕಕ್ಕೆ ತರಲಾರದೆ ಹೋಯಿತು. ತಾವು ಬರೀ ಗಂಟಲಿನಿಂದ ಅದನ್ನು ಸಾಧಿಸಿದಿರಿ.

ಈ ಗುಂಪಿಗೆ ಕೊನೆಯದಾಗಿ ಸೇರಿದವರು ನನ್ನ ಅತ್ತಿಗೆ. ಸೇತುವೆಯಾಚೆ ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರು ಕೂರಿಸುವ ಕೆಲಸ ಅವರದು. ತಲೆಗೂದಲು ನೆರೆಯತೊಡಗಿದ ಮೇಲೆ, ‘ಬಸ್ಸಿನಲ್ಲಿ ನಿಂತು ನಿಂತು ಕಾಲು ಬಿದ್ದೋಯ್ತು, ಕೂತ್ಕೊಂಡು ಹೋಗೋ ಗಾಡಿ ಕಲಿತೀನಿ’ ಎಂದು ಹಟ ಹಿಡಿದು, ಅಣ್ಣನ ಕೈಯಲ್ಲಿ ಕ್ಯಾರಿಯರ್ ಹಿಡಿಸಿ, ಅವನಿಗೆ ಏದುಸಿರು ಬರಿಸಿ ಸೈಕಲ್ ಕಲಿತವರು. ಬಂಕಿನ ಮುಂದೆ ಮೊದಲ ಸಲ ನಿಂತ ದಿನವೇ ಎಲ್ಲರನ್ನೂ ಒಮ್ಮೆ ನೋಡಿ, ‘ಎಲ್ಲಾ ನಾಯಿಗೆ ಹೆದ್ರಿ ತಾನೆ ನಿಂತಿರೋದು? ನಾನೂ ಅಷ್ಟೇ’ ಅಂದುಬಿಟ್ಟರು. ಮೇಷ್ಟ್ರು ‘ಇಲ್ಲಮ್ಮಾ, ಚೈನು...’ ಎಂದು ತೊದಲಿದರು. ಅಂದಿನಿಂದ ಅತ್ತಿಗೆಯನ್ನು ನಡುವೆ ಬಿಟ್ಟುಕೊಂಡು, ಅವರ ವೇಗವೇ ಎಲ್ಲರ ವೇಗವಾಗಿ ಹೊರಡುವ ರೂಢಿಯಾಯಿತು. ತಮ್ಮ ಅಧಿಕಾರ ಸೇತುವೆಗೆ ಮುಂಚೆ ಸಿಗುವ ಮೋರಿಯವರೆಗೆ ಮಾತ್ರ. ಆದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ನಮಗೆ ನಗು ಹತ್ತಿಕೊಂಡಿರುತ್ತಿತ್ತು, ಅದೇ ನಗುವಿನಲ್ಲಿ ಸೇತುವೆಯನ್ನೂ ಒಟ್ಟಿಗೇ ಏರುತ್ತಿದ್ದೆವು. ಒಂಟಿ ಸೈಕಲ್ಲನ್ನು ನೊಣದಂತೆ ಕಾಣುವ ಬಸ್ಸುಗಳು, ರಸ್ತೆ ತುಂಬ ಬೆಲ್ಲು ಬಾರಿಸುತ್ತ ಬರುವ ಈ ದಿಬ್ಬಣವನ್ನು ಕಂಡು, ಬೇರೆ ದಾರಿಯಿಲ್ಲದೆ, ಮರ್ಯಾದೆಯಿಂದ ಹಿಂದೆ ಬರುತ್ತಿದ್ದವು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಸಂಸ್ಥೆಯನ್ನು ತಾವು ಬೇಕರಿಯ ಒಂದು ಬನ್ನಿಗೆ ಮಾರಿದಿರಿ.

ತಮ್ಮ ಬೊಗಳು ಒಂದು ದಿನ ಕ್ಷೀಣವಾಯಿತು, ಇನ್ನೊಂದು ದಿನ ಆಕಳಿಕೆಯಾಯಿತು, ಆಮೇಲೆ ತಾವು ತಲೆಯನ್ನೇ ಎತ್ತಲಿಲ್ಲ. ಸುಂಕ ನಿಂತ ಮೇಲೆ ಬಂಕಿನ ಮುಂದೆ ನಿಲ್ಲಲು ಯಾರಿಗೂ ನೆಪ ಉಳಿಯಲಿಲ್ಲ; ಸುಮ್ಮನೆ ಜೊತೆ ಬೇಕೆಂದು ನಿಲ್ಲುವುದಕ್ಕೆ, ನಾಯಿಗೆ ಹೆದರುವುದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ. ಹೆಲ್ಮೆಟ್ ಸಾಹೇಬರು ಗಾಳಿಯಂತೆ ಹೋಗತೊಡಗಿದರು, ಹುಡುಗಿ ಹಾಡಿನೊಳಕ್ಕೆ ಮರಳಿದಳು, ಮೇಷ್ಟ್ರ ಚೈನು ಗುಣವಾಯಿತು. ಮುಂಜಾನೆಯೇ ಲ್ಯಾಬಿಗೆ ಹೋಗಿ ಅಚ್ಚಿಗೆ ಪ್ಲಾಸ್ಟರ್ ಸುರಿಯುವ ಕೆಲಸ ಒಪ್ಪಿಕೊಂಡು ನಾನೂ ತಪ್ಪಿಸಿಕೊಂಡೆ. ಅತ್ತಿಗೆ ಸೇತುವೆಯ ಮೇಲೆ ಒಂಟಿಯಾದರು. ಒಂದು ವ್ಯಾನು ಅವರನ್ನು ಕಟ್ಟೆಗೆ ಒತ್ತರಿಸಿ, ಹಾರ್ನಿನ ಸದ್ದನ್ನು ಮಾತ್ರ ಬಿಟ್ಟು ಮುಂದೆ ಹೋಯಿತು. ಮೊಣಕೈ ತರಚಿತು, ಅದು ವಾಸಿಯಾಯಿತು. ಸೈಕಲ್ಲು ಮೆಟ್ಟಿಲ ಕೆಳಗೆ ಸೇರಿತು, ಈಗ ಅದರ ಹ್ಯಾಂಡಲಿನ ಮೇಲೆ ಟವೆಲು ಒಣಗುತ್ತಿದೆ. ಅತ್ತಿಗೆ ಮತ್ತೆ ಬಸ್ಸಿನಲ್ಲಿ ನಿಲ್ಲುತ್ತಿದ್ದಾರೆ, ಸಂಜೆ ಮಾತಿಲ್ಲದೆ ಕಾಲು ಚಾಚಿ ಕೂರುತ್ತಾರೆ. ನಮ್ಮ ಮನೆಯಲ್ಲಿ ಅತ್ತಿಗೆ ಮಾತಾಡದೆ ಕೂತರೆ ಗೋಡೆ ಗಡಿಯಾರಕ್ಕೂ ಗಾಬರಿಯಾಗುತ್ತದೆ.

ತಮ್ಮನ್ನು ಹಾಳುಮಾಡಿದ ಕೈ ಯಾವುದೆಂದು ನಾನು ಹುಡುಕಿದೆ. ಹೊಟ್ಟಿನ ರಾಶಿಯ ಪಕ್ಕದಲ್ಲಿ ಬಿದ್ದಿದ್ದ ಬೇಕರಿ ಕಾಗದಗಳಿಗೆ ನೀಲಿ ದಾರದ ಎಳೆಗಳು ಅಂಟಿದ್ದವು, ಆ ನೀಲಿ ನಮ್ಮ ಮನೆಯ ಚಾಪೆಯ ಮೇಲೂ ಬೀಳುತ್ತದೆ, ಸಮವಸ್ತ್ರದ ನೀಲಿ. ಕೇಳಿದಾಗ ಅತ್ತಿಗೆ ತಲೆ ತಗ್ಗಿಸಿ, ‘ಪಾಪ, ಅದಕ್ಕೂ ಹೊಟ್ಟೆ ಅಂತ ಒಂದಿಲ್ವಾ? ಎಷ್ಟು ದಿನ ಅಂತ ಬೊಗಳುತ್ತೆ? ನನಗೇನು ಗೊತ್ತು, ಅದು ಸುಮ್ನಾದ್ರೆ ನೀವೆಲ್ಲ ಬಿಟ್ಟೋಗ್ತೀರಾ ಅಂತ’ ಅಂದರು. ಆ ಕೊನೆಯ ಮಾತಿನ ಹೊಣೆಯನ್ನು ತಮ್ಮ ಮೇಲೆ ಹೊರಿಸಲೆಂದು, ತಮಗೆ ಪತ್ರ ಬರೆಯುತ್ತಿದ್ದೇನೆ.

ಆದ್ದರಿಂದ ತಾವು ತಕ್ಷಣ ಕೆಲಸಕ್ಕೆ ಮರಳಬೇಕು. ಕಚ್ಚಬೇಕೆಂದಿಲ್ಲ. ಮೋರಿಯವರೆಗೆ ಎಂದಿನಂತೆ ಅಟ್ಟಿಸಿಕೊಂಡು ಬಂದರೆ ಸಾಕು. ಹೆಲ್ಮೆಟ್ ಸಾಹೇಬರ ಹಿಂದೆ ತುಸು ಹೆಚ್ಚು ಉತ್ಸಾಹ ತೋರಿದರೆ ನಮ್ಮ ಆಕ್ಷೇಪವಿಲ್ಲ. ಶಕ್ತಿ ಉಳಿದಲ್ಲಿ ಸೇತುವೆಯ ಮೇಲೂ ಕಾರ್ಯವ್ಯಾಪ್ತಿ ವಿಸ್ತರಿಸಿ, ಬಸ್ಸು ವ್ಯಾನುಗಳ ಹಿಮ್ಮಡಿ ಎಲ್ಲಿದೆಯೆಂದು ಹುಡುಕಿ ಹಿಡಿಯಬೇಕು. ಎಡಗೋರೆಯ ಕೊರತೆ ಕಾಡುವುದಾದರೆ ಒಳ್ಳೆಯ ಪಿಂಗಾಣಿಯದೊಂದನ್ನು ನಾನೇ ಕಟ್ಟಿಕೊಡುತ್ತೇನೆ, ಅಳತೆಗೆ ಬಾಯಿ ತೆರೆದು ಸುಮ್ಮನೆ ಕೂರುವ ಭರವಸೆ ತಾವು ಕೊಟ್ಟರೆ. ತಾವು ಒಪ್ಪುವುದಾದರೆ ಪ್ರೋತ್ಸಾಹ ಘಟಕದ ಮುಖ್ಯಸ್ಥರ ಹುದ್ದೆಗೂ ತಮ್ಮ ಹೆಸರನ್ನು ಸೂಚಿಸಲು ಸಿದ್ಧನಿದ್ದೇನೆ.

ಇದರಲ್ಲಿ ಅವಸರವಿದೆ. ತಾವು ಒಪ್ಪಿದಿರೆಂದು ಭಾವಿಸಿ, ನಿನ್ನೆ ಮೇಷ್ಟ್ರ ಬಳಿ ‘ಸುಂಕದವರು ಮತ್ತೆ ಶುರು ಮಾಡಿದ್ದಾರೆ’ ಎಂದುಬಿಟ್ಟೆ. ಅವರು ಮುಖ ಗಂಭೀರ ಮಾಡಿಕೊಂಡು, ‘ನನ್ನ ಚೈನೂ ಯಾಕೋ ಸಡಿಲ ಕಣಯ್ಯಾ’ ಅಂದರು. ಸುದ್ದಿ ಸಂಜೆಯೊಳಗೆ ಇನ್ನಿಬ್ಬರಿಗೂ ಮುಟ್ಟಿದೆ. ಅತ್ತಿಗೆಗೂ ಅದನ್ನೇ ಹೇಳಿದೆ; ಅವರು ಎದ್ದು ಹೋಗಿ, ಹ್ಯಾಂಡಲಿನ ಮೇಲಿನ ಟವೆಲು ತೆಗೆದರು. ನಾಳೆ ಬೆಳಿಗ್ಗೆ ಎಲ್ಲರೂ ಬಂಕಿನ ಮುಂದೆ ನಿಲ್ಲುತ್ತಾರೆ. ದಯವಿಟ್ಟು ಒಂದೇ ಒಂದು ಸಲ ಬೊಗಳಿ, ನನ್ನ ಮಾನ ಉಳಿಸಿಕೊಡಿ.

ಇಂತಿ, ಹಿಮ್ಮಡಿಯನ್ನು ಎಂದಿನಂತೆ ಸಿದ್ಧವಾಗಿಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ಹಲ್ಲು ಕಟ್ಟುವವನು

ತಾಜಾ ಕಲಂ: ಪತ್ರ ತಲುಪಿಸುವ ಮೊದಲೇ ಬೆಳಗಾಯಿತು. ಎಲ್ಲರೂ ಬಂದಿದ್ದರು, ಎಲ್ಲರಿಗೂ ಬಾಯಾರಿತ್ತು, ಚೈನು ಕೆಟ್ಟಿತ್ತು. ಅತ್ತಿಗೆಯನ್ನು ನಡುವೆ ಬಿಟ್ಟುಕೊಂಡು ತಲೆ ತಗ್ಗಿಸಿ ಹೊರಟೆವು. ತಾವು ಹೊಟ್ಟಿನ ಮೇಲೆ ಅಂಗಾತ ಮಲಗಿ, ಕಾಲು ಆಕಾಶಕ್ಕೆ ಕೊಟ್ಟು ಗೊರಕೆ ಹೊಡೆಯುತ್ತಿದ್ದುದನ್ನು ನಾನು ಕಂಡೆ, ಅತ್ತಿಗೆಯೂ ಕಂಡರು. ಮರುಕ್ಷಣ ಅವರು ‘ಅಯ್ಯಯ್ಯೋ, ಬಂತು! ಬಂತು! ತುಳೀರೋ!’ ಎಂದು ಎಂಥ ಕೂಗು ಹಾಕಿದರೆಂದರೆ, ಮೇಷ್ಟ್ರು ಎರಡೂ ಕಾಲೆತ್ತಿ ಸೈಕಲ್ಲಿನ ಅಡ್ಡಬಾರಿನ ಮೇಲಿಟ್ಟರು, ಯಾರೂ ಹಿಂದಿರುಗಿ ನೋಡಲಿಲ್ಲ, ನಗುತ್ತ ಕಿರುಚುತ್ತ ಇಡೀ ಸೇತುವೆ ದಾಟಿಬಿಟ್ಟೆವು, ನಮ್ಮ ಹಿಂದೆ ಒಂದು ಬಸ್ಸು ಸದ್ದಿಲ್ಲದೆ ಬಂತು. ಸಾಮಿಲ್ಲಿನ ಕಾವಲುಗಾರ ಹೇಳಿದ ಪ್ರಕಾರ, ತಾವು ಒಂದು ಕಣ್ಣು ತೆರೆದು, ವಿಷಯವೇನೆಂದು ನೋಡಿ, ಮತ್ತೆ ಮುಚ್ಚಿದಿರಂತೆ. ಕೆಲಸವನ್ನು ಇನ್ಯಾರೋ ಮಾಡುತ್ತಿರುವಾಗ ಜಾಗ ಬಿಡದೆ ಮಲಗಿರುವ ಈ ಗುಣವನ್ನು ಕಂಡ ಮೇಲೆ, ಘಟಕದ ಮುಖ್ಯಸ್ಥರ ಹುದ್ದೆಗೆ ತಮ್ಮ ಅರ್ಹತೆಯ ಬಗ್ಗೆ ನನಗಿದ್ದ ಅಳಿದುಳಿದ ಸಂದೇಹವೂ ತೀರಿತು.