ಹಿಮದ ಮೇಲೊಂದು ನಲವತ್ತು-ಅರವತ್ತರ ಸೈಟು

ಹದಿನೇಳು ವರ್ಷದ ಸಂಸಾರದಲ್ಲಿ ನಾನು ಗೆದ್ದ ವಾದಗಳು ಮೂರು. ಮೊದಲನೆಯದು, ಮಗಳಿಗೆ ಇವರ ಸೋದರತ್ತೆಯ ಹೆಸರಿಡಬಾರದು ಎಂಬುದು. ಎರಡನೆಯದು, ಫ್ರಿಜ್ಜಿನ ಬಾಗಿಲು ಯಾವ ಕಡೆಗೆ ತೆರೆಯಬೇಕು ಎಂಬುದು; ಅಂಗಡಿಯಲ್ಲಿ ಒಂದೇ ಬಗೆಯ ಬಾಗಿಲು ಇದ್ದುದರಿಂದ ಆ ಗೆಲುವನ್ನು ಪೂರ್ತಿ ನನ್ನದೆನ್ನಲಾರೆ. ಮೂರನೆಯದನ್ನು ಇಲ್ಲಿ ಹೇಳುತ್ತೇನೆ. ಗೆದ್ದವರು ತಮ್ಮ ಗೆಲುವನ್ನು ತಾವೇ ವರ್ಣಿಸಬಾರದು ಎಂದು ನನಗೂ ಗೊತ್ತು. ಆದರೆ ಸೋತವರು ವರ್ಣಿಸಲು ಒಪ್ಪುತ್ತಿಲ್ಲ. ಕೇಳಿದರೆ ಫೋನಿನಲ್ಲಿ ಮುಖ ಹುದುಗಿಸುತ್ತಾರೆ.

ಸಿಂಗಪುರದ ಚಾಂಗಿ ಬಿಸಿನೆಸ್ ಪಾರ್ಕಿನ ಒಂದು ಕಚೇರಿಯಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ಪಡೆಯುವವಳು. ತಪ್ಪು ಎಲ್ಲಿ ಆಯಿತು, ಎಷ್ಟು ಹೊತ್ತಿಗೆ ಆಯಿತು, ಅದಕ್ಕೆ ಮುಂಚೆ ಯಾರು ಏನು ಮಾಡಿದರು, ಇಷ್ಟನ್ನೂ ಬರೆದಿಡಬೇಕು. ‘ಸುಮಾರಾಗಿ’ ಎಂಬ ಪದ ನಮ್ಮಲ್ಲಿ ನಿಷಿದ್ಧ. ಆದ್ದರಿಂದ ಈ ಕಥೆ ಸ್ವಲ್ಪ ನಿಧಾನವಾಗಿ ಸಾಗುತ್ತದೆ. ಅದರಲ್ಲಿ ಇಪ್ಪತ್ತೆರಡು ನಿಮಿಷ ನಾನು ಸೊಂಟದವರೆಗೆ ಹಿಮದಲ್ಲಿ ಹೂತು ನಿಂತಿರುವುದರಿಂದ ಅವಸರ ಮಾಡಲೂ ಆಗುವುದಿಲ್ಲ.

ನಾವು ಸಿಂಗಪುರಕ್ಕೆ ಬಂದು ಹದಿಮೂರು ವರ್ಷವಾಯಿತು. ಬರುವಾಗ ಇವರು, ಎಂದರೆ ನನ್ನ ಯಜಮಾನರು ಶ್ರೀಕಂಠ, ‘ಎರಡೇ ವರ್ಷ ಕಣೇ, ಆಮೇಲೆ ಮೈಸೂರಿಗೆ ವಾಪಸ್’ ಅಂದಿದ್ದರು. ಆ ಎರಡು ವರ್ಷ ಮುಗಿದ ಮೇಲೆ ಇನ್ನೆರಡು ವರ್ಷ ಅಂದರು. ಎರಡು ವರ್ಷಕ್ಕೆಂದು ಬಂದವರು ಮನೆ ಕೊಳ್ಳುವುದಿಲ್ಲವಾದ್ದರಿಂದ ಐದು ಬಾಡಿಗೆ ಮನೆ ಕಂಡೆವು. ಐದರ ಕರಾರಿನಲ್ಲೂ ಒಂದು ಸಾಲು ಒಂದೇ ಥರ ಇತ್ತು: ‘ಲೈಟ್ ಕುಕಿಂಗ್ ಓನ್ಲಿ’. ನೀರು ಕಾಯಿಸಿ, ನೂಡಲ್ಸ್ ಬೇಯಿಸಿ, ಬೇಕಿದ್ದರೆ ಅನ್ನ ಮಾಡಿಕೊಳ್ಳಿ. ಹೊಗೆ, ಘಾಟು ಎಬ್ಬಿಸಬೇಡಿ ಎಂದು ಅದರರ್ಥ. ಹುಳಿ, ಸಾರು, ಗೊಜ್ಜು ತಿಂದು ಬೆಳೆದವಳಿಗೆ ಇದು ಹೇಗೆಂದರೆ, ಉಸಿರಾಡಬಹುದು, ಆದರೆ ಒಳಕ್ಕೆ ಮಾತ್ರ ಎಂದ ಹಾಗೆ.

ಐದನೆಯ ಮನೆ ಹೌಗಾಂಗ್ ಬಡಾವಣೆಯಲ್ಲಿ. ಅದರ ಒಡತಿ ಟೋವಾ ಪಾಯೋದಲ್ಲಿರುವ ಚೀನೀ ಆಂಟಿ, ಬಹಳ ಒಳ್ಳೆಯ ಹೆಂಗಸು. ಮೂರು ತಿಂಗಳಿಗೊಮ್ಮೆ ಕಿತ್ತಳೆ ಹಣ್ಣು ತಂದು ಕೊಡುತ್ತಾರೆ. ಕೊಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂರು ಸಲ ಉಸಿರು ಎಳೆದುಕೊಳ್ಳುತ್ತಾರೆ. ಎರಡಲ್ಲ, ಮೂರು. ಬಳಿಕ ನಗುತ್ತಲೇ, “ಕರಿ, ಆ?” ಎನ್ನುತ್ತಾರೆ, ಮಸಾಲೆ ಕುದಿಸಿದಿರಾ ಎಂಬ ಹಾಗೆ. ಐದೂ ಮನೆಗಳಲ್ಲಿ ಇಂಥದೇ ಒಂದು ಅಕ್ಷರದ ‘ಆ’ಗೆ ಹೆದರಿ ನಾನು ಹದಿಮೂರು ವರ್ಷ ಸಾಸಿವೆಯನ್ನು ತಟ್ಟೆ ಮುಚ್ಚಿ ಸಿಡಿಸಿದ್ದೇನೆ. ಬ್ಯಾಡಗಿ ಮೆಣಸಿನಕಾಯಿ, ಧನಿಯಾ, ಮೆಂತ್ಯ ಹುರಿದು ಹುಳಿಪುಡಿ ಮಾಡುವುದಂತೂ ದೂರ. ಪ್ಯಾಕೆಟ್ ಪುಡಿಯಲ್ಲೇ ಸಂಸಾರ ನಡೆಸಿದೆ. ಪ್ರತಿ ಸಲ ಪ್ಯಾಕೆಟ್ ಕತ್ತರಿಸುವಾಗಲೂ, “ನಮ್ಮದೇ ಒಂದು ಅಡುಗೆಮನೆ ಇದ್ದಿದ್ದರೆ ಹುಳಿ ಅಂದರೆ ಏನು ಅಂತ ತೋರಿಸ್ತಿದ್ದೆ” ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ನನಗೆ ಬೇಕಾಗಿದ್ದದ್ದು ಇಷ್ಟೇ: ಯಾರನ್ನೂ ಕೇಳದೆ ಮೆಣಸಿನಕಾಯಿ ಹುರಿಯಬಹುದಾದ ನಾಲ್ಕು ಗೋಡೆ.

ಹೋದ ವರ್ಷ ಅಂಥ ನಾಲ್ಕು ಗೋಡೆ ಕಣ್ಣಿಗೆ ಬಿತ್ತು. ಹೌಗಾಂಗಿನಲ್ಲೇ ಒಂದು ಹೊಸ ಕಾಂಡೋ ಫ್ಲಾಟು. ಏಳನೆಯ ಮಹಡಿ, ಅಡುಗೆಮನೆಗೆ ಪ್ರತ್ಯೇಕ ಬಾಗಿಲು, ಎರಡು ಕಿಟಕಿ. ಮಗಳು ಮೇಘನಾ ಸ್ವಿಮ್ಮಿಂಗ್ ಪೂಲ್ ನೋಡಿ ಒಪ್ಪಿದಳು. ಇವರು ಮಾತ್ರ ನೆಲವನ್ನು ಕಾಲಲ್ಲಿ ಒತ್ತಿ ನೋಡಿದರು.

“ಇದರ ಕೆಳಗೆ ಏನಿದೆ?”

“ಆರನೇ ಫ್ಲೋರು.”

“ಅದೇ ಹೇಳ್ದೆ. ನೆಲ ಎಲ್ಲಿ ಪದ್ಮಾ? ಇದು ಗಾಳೀಲಿ ನೇತಾಕಿರೋ ಡಬ್ಬ. ಅದೂ ತೊಂಬತ್ತೊಂಬತ್ತು ವರ್ಷದ ಲೀಸು. ಆಮೇಲೆ?”

“ಆಮೇಲೆ ನಮಗೆ ನೂರ ನಲವತ್ತೈದು ವರ್ಷ ಆಗಿರತ್ತೆ ರೀ. ಎಲ್ಲಾದ್ರೂ ಬಾಡಿಗೆಗೆ ಹೋಗೋಣ.”

ಇಲ್ಲಿ ಒಂದು ವಿಷಯ ಹೇಳಬೇಕು. ಮೈಸೂರಿನ ಜನಕ್ಕೆ ಮನೆ ಎಂದರೆ ಮನೆಯಲ್ಲ, ಸೈಟು. ಇವರ ತಂದೆ ಹೆಣ್ಣು ನೋಡಲು ಬಂದಾಗ ನನ್ನನ್ನು ಎರಡು ನಿಮಿಷ ನೋಡಿ, ಹೊರಗೆ ಹೋಗಿ ನಮ್ಮ ಕಾಂಪೌಂಡನ್ನು ಹೆಜ್ಜೆಯಲ್ಲಿ ಅಳೆದಿದ್ದರು. ನಲವತ್ತಕ್ಕೆ ಅರವತ್ತು ಅಡಿ ಎಂಬುದು ಇವರ ಮನೆತನದಲ್ಲಿ ಅಳತೆಯಲ್ಲ, ಮಂತ್ರ.

ಇಂಥವರನ್ನು ಹೋದ ಡಿಸೆಂಬರಿನ ಶಾಲಾ ರಜೆಯಲ್ಲಿ ಜಪಾನಿನ ಹೊಕ್ಕೈಡೋಗೆ ಸ್ಕೀ ಆಡಲು ಕರೆದೊಯ್ದದ್ದು ಮಗಳ ತಪ್ಪು. ಅಲ್ಲಿ ಇವರು ಹದಿನಾಲ್ಕು ಸಲ ಬಿದ್ದರು. ಹದಿನೈದನೆಯ ಸಲ ನಾಲ್ಕು ಸೆಕೆಂಡು ಬೀಳದೆ ಜಾರಿದರು. ಆ ನಾಲ್ಕು ಸೆಕೆಂಡಿನಲ್ಲಿ ಅವರಿಗೆ ತಾವು ಹುಟ್ಟಿದ್ದೇ ಸ್ಕೀಗೆ ಎಂದು ಹೊಳೆಯಿತು. ಐದನೆಯ ಸೆಕೆಂಡಿನಲ್ಲಿ ರಸ್ತೆ ಬದಿಯ ಒಂದು ಬೋರ್ಡು ಕಂಡಿತು: ಜಾಗ ಮಾರಾಟಕ್ಕಿದೆ. ಆಮೇಲೆ ಆ ಬೋರ್ಡಿಗೇ ಹೋಗಿ ಒರಗಿದರು.

ಸಿಂಗಪುರಕ್ಕೆ ವಾಪಸಾದ ಮೇಲೆ ಮನೆಯಲ್ಲಿ ಬೇರೆ ಮಾತಿಲ್ಲ. ಕೂಡಿಟ್ಟದ್ದು ಒಂದಕ್ಕೆ ಸಾಲುತ್ತದೆ, ಎರಡಕ್ಕಿಲ್ಲ. ಕಾಂಡೋ ಕೊಂಡರೆ ಡಬ್ಬ. ಅಲ್ಲಿ ಕೊಂಡರೆ ಸ್ವಂತ ನೆಲ, ಅದರ ಮೇಲೆ ಮರದ ಮನೆ, ವರ್ಷಕ್ಕೆರಡು ಸಲ ಹೋಗಿ ಸ್ಕೀ ಆಡುವುದು. “ಮಿಕ್ಕ ದಿನ?” ಎಂದೆ. “ಮಿಕ್ಕ ದಿನ ಇಲ್ಲೇ, ಈ ಬಾಡಿಗೆ ಮನೇಲೇ ಇರೋದು. ಏನು ಕಷ್ಟ ಇದೆ ಇಲ್ಲಿ?” ಎಂದರು. ನಾನು ಪ್ಯಾಕೆಟ್ ಕತ್ತರಿಸುತ್ತಿದ್ದೆ. ಕತ್ತರಿ ಕೈಯಲ್ಲಿದ್ದುದರಿಂದ ಉತ್ತರಿಸಲಿಲ್ಲ.

ಕಾಂಡೋದ ಮಾಲೀಕರು ಫೆಬ್ರವರಿ ಕೊನೆಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂದರು. ಚೀನೀ ಹೊಸವರ್ಷದ ರಜೆ ಬಂತು. ಇವರು ಮೈಸೂರಿನ ಪುರೋಹಿತರಿಗೆ ಫೋನ್ ಮಾಡಿ ಸೈಟಿನ ಗುದ್ದಲಿ ಪೂಜೆಗೆ ಮುಹೂರ್ತ ಕೇಳಿದರು. “ಇನ್ನೂ ಕೊಂಡೇ ಇಲ್ಲವಲ್ಲ” ಎಂದರೆ, “ಪೂಜೆ ಆದ್ರೆ ತಾನಾಗೇ ಕೂಡಿಬರತ್ತೆ” ಎಂದರು. ಬೆಳಿಗ್ಗೆ ಹತ್ತು ನಲವತ್ತರಿಂದ ಹನ್ನೊಂದು ಹತ್ತು, ಜಪಾನಿನ ಗಡಿಯಾರದಲ್ಲಿ. ನಾವು ಮೂವರೂ ಹೊರಟೆವು.

ಅಂದು ಹತ್ತು ಮೂವತ್ತೆರಡಕ್ಕೆ ಟ್ಯಾಕ್ಸಿ ನಮ್ಮನ್ನು ರಸ್ತೆಯಲ್ಲಿ ಇಳಿಸಿತು. ಎಲ್ಲಾ ಕಡೆ ಬಿಳಿ; ಡಿಸೆಂಬರಿನ ಆ ಬೋರ್ಡೂ ಹಿಮದಡಿ. ಸೈಟು ತೋರಿಸಬೇಕಾಗಿದ್ದ ಏಜೆಂಟ್ ಹೆಂಗಸು, ಹಿಮದಿಂದ ದಾರಿ ನಿಧಾನ, ಅರ್ಧ ಗಂಟೆ ತಡ, ದಯವಿಟ್ಟು ರಸ್ತೆಯಲ್ಲೇ ಕಾಯಿರಿ ಎಂದು ಸಂದೇಶ ಕಳಿಸಿದ್ದಳು. ನಾನು ಅದನ್ನು ಎರಡು ಸಲ ಓದಿ ಹೇಳಿದೆ.

“ಕಾದ್ರೆ ಮುಹೂರ್ತ ಮೀರತ್ತೆ,” ಎಂದರು ಇವರು. ಫೋನಿನ ನಕಾಶೆ ನೋಡಿ, ಬೇಲಿ ದಾಟಿ, ಚಪ್ಪಟೆಯಾದ ಒಂದು ಜಾಗಕ್ಕೆ ಇಳಿದರು. “ನೋಡೇ, ಹೆಂಗಿದೆ. ಲೆವೆಲ್ ಮಾಡ್ಸೋ ಖರ್ಚೇ ಇಲ್ಲ.”

ಮಂಡಿಯವರೆಗೆ ಹೂತುಹೋಗುತ್ತಾ ಇವರು ನಲವತ್ತು ಅಡಿ ಹೆಜ್ಜೆ ಹಾಕಿದರು, ತಿರುಗಿ ಅರವತ್ತು ಹಾಕಿದರು. ಪ್ರತಿ ಮೂಲೆಗೂ ಬಾಡಿಗೆಗೆ ತಂದಿದ್ದ ಒಂದೊಂದು ಸ್ಕೀ ಕೋಲು ನೆಟ್ಟರು. ಹೋಟೆಲಿನಿಂದ ಕೇಳಿ ತಂದಿದ್ದ ಪ್ಲಾಸ್ಟಿಕ್ ಹಿಮಸಲಿಕೆಗೆ ನನ್ನ ಕೈಚೀಲದ ಕುಂಕುಮ ಹಚ್ಚಿ ಅದನ್ನೇ ಗುದ್ದಲಿ ಮಾಡಿದರು. ವಿಮಾನದಲ್ಲಿ ತೆಂಗಿನಕಾಯಿ ತರುವಂತಿಲ್ಲವಾದ್ದರಿಂದ ಊರಿನ ಅಂಗಡಿಯಲ್ಲಿ ಒಂದು ಹಸಿರು ಕುಂಬಳಕಾಯಿ ಕೊಂಡಿದ್ದರು. ಅದು ನಮ್ಮ ಕುಂಬಳದ ಹಾಗಲ್ಲ, ಕಲ್ಲಿನಂತೆ ಗಟ್ಟಿ. ಹತ್ತು ಐವತ್ತೊಂದಕ್ಕೆ ಅದನ್ನು ತಲೆಯ ಮೇಲೆತ್ತಿ, ಕಣ್ಣು ಮುಚ್ಚಿ, ಬಲವಾಗಿ ನೆಲಕ್ಕೆ ಹೊಡೆದರು.

ಒಡೆದ ಸದ್ದು ಬರಲಿಲ್ಲ. ಯಾವ ಸದ್ದೂ ಬರಲಿಲ್ಲ. ಇವರು ಕಣ್ಣು ಬಿಟ್ಟಾಗ ಹಿಮದಲ್ಲಿ ಒಂದು ದುಂಡನೆಯ ತೂತಿತ್ತು. ಮೂವರೂ ಬಗ್ಗಿ ನೋಡಿದೆವು.

“ಪಾ, ಭೂಮಿ ನುಂಗ್ತು ಆಲ್ರೆಡಿ ಲಾ,” ಎಂದಳು ಮೇಘನಾ ತನ್ನ ಸಿಂಗಪುರದ ಕನ್ನಡದಲ್ಲಿ.

“ಸ್ವೀಕಾರ ಆಯ್ತು ಅಂತ ಅರ್ಥ,” ಎಂದರು ಇವರು. ಆ ಉತ್ಸಾಹದಲ್ಲೇ ಕೋಣೆಗಳನ್ನು ಹಂಚತೊಡಗಿದರು. ಇಲ್ಲಿ ಹಾಲು, ಅಲ್ಲಿ ಮೇಘನಾ ರೂಮು. “ಆಗ್ನೇಯ ಮೂಲೆ ಅದು, ನಿನ್ನ ಕಿಚನ್. ಇಪ್ಪತ್ತಡಿ ಉದ್ದ. ಬೇಕಾದಷ್ಟು ಘಾಟು ಮಾಡ್ಕೋ, ಕೇಳೋಕೆ ಕರಡಿ ಮಾತ್ರ ಬರಬೇಕು.”

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಮಾತು ನನ್ನನ್ನು ಹಿಡಿಯಿತು. ಇಪ್ಪತ್ತಡಿಯ ಅಡುಗೆಮನೆ, ಕೇಳುವವರಿಲ್ಲ. ಒಲೆ ಎಲ್ಲಿಡಬಹುದು ಎಂದು ನೋಡಲು ನಾನೇ ಆಗ್ನೇಯಕ್ಕೆ ಹೊರಟೆ. ಆರನೆಯ ಹೆಜ್ಜೆಗೆ ಸೊಂಟದವರೆಗೆ ಇಳಿದುಹೋದೆ.

ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನೆನೆದರೆ ಈಗಲೂ ಕಾಲು ತಣ್ಣಗಾಗುತ್ತದೆ. ಮೊದಲು ಬಲಗಾಲು ಹೋಯಿತು. ಎಡಗಾಲು ಅದನ್ನು ಹುಡುಕಿಕೊಂಡು ಹೋಯಿತು. ಕೈಯೂರಿದರೆ ಕೈಯೂ ಒಳಗೆ. ಪಾದಗಳು ಕೊನೆಗೆ ಏನೋ ಗಟ್ಟಿಯಾದದ್ದರ ಮೇಲೆ ನಿಂತವು.

“ರೀ, ಕೆಳಗೆ ಗಟ್ಟಿಯಾಗಿ, ನುಣ್ಣಗೆ ಏನೋ ಇದೆ.”

“ಬಂಡೆ ಕಣೇ,” ಎಂದು ಇವರು ಆನಂದಪಟ್ಟರು. “ಫೌಂಡೇಶನ್ನಿಗೆ ಇನ್ನೇನು ಬೇಕು? ಸ್ವಲ್ಪ ಆ ಕಡೆಗೂ ಒತ್ತಿ ನೋಡು.”

ಒತ್ತಿ ನೋಡಿದೆ. ಎಲ್ಲಾ ಕಡೆಗೂ ಗಟ್ಟಿ, ಎಲ್ಲಾ ಕಡೆಗೂ ನುಣುಪು. ಒಂದು ಕಡೆ ಮಾತ್ರ, ಬಹಳ ಸಣ್ಣದಾಗಿ, ‘ಟಿಕ್’ ಎಂದಿತು. ಬಂಡೆ ಟಿಕ್ ಎನ್ನುವುದನ್ನು ನಾನು ಕೇಳಿರಲಿಲ್ಲ. ಆಮೇಲೆ ಒತ್ತುವುದನ್ನು ನಿಲ್ಲಿಸಿದೆ.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಏಜೆಂಟ್ ಹೆಂಗಸಿನ ಕಾರು ಬಂತು. ಸುಮಾರು ಐವತ್ತು ವಯಸ್ಸಿನ ಗಂಭೀರ ಹೆಂಗಸು (ವಯಸ್ಸಿನ ವಿಷಯದಲ್ಲಿ ‘ಸುಮಾರು’ ಎಂದರೆ ತಪ್ಪಿಲ್ಲ). ಅವಳು ಕಾರಿನಿಂದಿಳಿದು, ನಮ್ಮನ್ನು ನೋಡಿ, ನಾಲ್ಕು ಮೂಲೆಯ ಕೋಲುಗಳನ್ನು ನೋಡಿ, ಬೇಲಿಯ ಆಚೆಯೇ ನಿಂತಳು. ಒಂದು ಹೆಜ್ಜೆಯೂ ಈಚೆಗೆ ಇಡಲಿಲ್ಲ. ತುಂಬ ಮೆಲ್ಲನೆಯ ಇಂಗ್ಲಿಷಿನಲ್ಲಿ, ನೀವು ಕೊಳ್ಳಬೇಕೆಂದಿರುವ ಜಾಗ ರಸ್ತೆಯ ಆ ಬದಿ ಎಂದಳು. ಇದು ಯಾವುದು ಎಂದು ಇವರು ಕೇಳಿದರು. ಇದು ಗದ್ದೆಗೆ ನೀರು ಬಿಡುವ ಕೊಳ ಎಂದಳು. ದಯವಿಟ್ಟು ಬಂದ ಹೆಜ್ಜೆಗುರುತಿನ ಮೇಲೆಯೇ, ಒಬ್ಬೊಬ್ಬರಾಗಿ ಬನ್ನಿ ಎಂದಳು.

ನಾನು ಉಸಿರನ್ನೇ ಲೆಕ್ಕ ಹಾಕಿ ಬಿಟ್ಟೆ. ನನ್ನ ಅಡುಗೆಮನೆಯ ಕೆಳಗೆ ಮಂಜುಗಡ್ಡೆ, ಅದರ ಕೆಳಗೆ ಕೊಳದ ನೀರು; ಎಷ್ಟು ಆಳ ಎಂದು ಕೇಳುವ ಧೈರ್ಯವಾಗಲಿಲ್ಲ.

ಮೇಘನಾ ಹೊಟ್ಟೆಯ ಮೇಲೆ ತೆವಳಿ ಬಂದು ಪೂಜೆಯ ಸಲಿಕೆಯಿಂದ ನನ್ನ ಸುತ್ತ ಹಿಮ ಬಗೆದಳು. ಇವರು ಅವಳ ಕಾಲು ಹಿಡಿದಿದ್ದರು. “ಪದ್ಮಾ, ಅಲ್ಲಾಡಬೇಡ. ಪದ್ಮಾ, ಏನೂ ಆಗಲ್ಲ,” ಎಂದು ಹನ್ನೆರಡು ಸಲ ಹೇಳಿದರು. ಹದಿನೇಳು ವರ್ಷದಲ್ಲಿ ನನ್ನ ಹೆಸರನ್ನು ಒಂದೇ ದಿನ ಅಷ್ಟು ಸಲ ಕರೆದದ್ದು ಅದೇ ಮೊದಲು. ಇಪ್ಪತ್ತೆರಡನೆಯ ನಿಮಿಷಕ್ಕೆ ನಾನು ಹೊರಬಂದೆ. ಎಡಗಾಲಿನ ಬೂಟು ಬರಲಿಲ್ಲ.

ಏಜೆಂಟಿನ ಕಚೇರಿಯಲ್ಲಿ ಬಿಸಿ ಚಹಾ ಕೊಟ್ಟರು. ಲೋಟ ಹಲ್ಲಿಗೆ ಬಡಿಯುತ್ತಿತ್ತು. ಎರಡನೆಯ ಲೋಟದ ಹೊತ್ತಿಗೆ ವೃತ್ತಿಧರ್ಮ ಮರಳಿತು; ಎರಡು ಪ್ರಶ್ನೆ ಕೇಳಿದೆ. ರಸ್ತೆಯಾಚೆಯ ಆ ಜಾಗದ ನೆಲವನ್ನು ಯಾವಾಗ ಕಣ್ಣಾರೆ ನೋಡಬಹುದು? ಮೇ ತಿಂಗಳಲ್ಲಿ ಎಂದಳು. ಕಟ್ಟಿದ ಮನೆಯ ಸೂರಿನ ಮೇಲೆ ಬೀಳುವ ಹಿಮ ಏನಾಗುತ್ತದೆ? ಆಗಾಗ ಯಾರಾದರೂ ಹತ್ತಿ ಕೆಡವಬೇಕು, ಇಲ್ಲದಿದ್ದರೆ ಸೂರು ತಾಳುವುದಿಲ್ಲ ಎಂದಳು. ನಾನು ಇವರ ಕಡೆ ನೋಡಲಿಲ್ಲ. ಗೆಲ್ಲುವಾಗ ನೋಡಬಾರದು.

ವಿಮಾನದಲ್ಲಿ ಊಟ ಮುಗಿದು ತಟ್ಟೆ ತೆಗೆದುಕೊಂಡು ಹೋದ ಮೇಲೆ ಇವರು ಬಾಯಿಬಿಟ್ಟರು.

“ಆ ಕಾಂಡೋ... ಕೆಳಗಡೆ ಆರನೇ ಫ್ಲೋರು ಅಂದೆ ಅಲ್ವಾ?”

“ಹೌದು.”

“ಅದರ ಕೆಳಗೆ?”

“ಐದನೇದು.”

“ಹಂಗೇ ಹೋಗ್ತಾ ಹೋಗ್ತಾ ನೆಲ ಬರತ್ತೆ?”

“ಬರತ್ತೆ ರೀ. ಸಿಮೆಂಟ್ ಹಾಕಿದಾರೆ.”

“ನೀರು?”

“ಪೂಲಿನಲ್ಲಿದೆ. ಬೋರ್ಡ್ ಹಾಕಿದಾರೆ.”

“ಸರಿ, ಫೋನ್ ಮಾಡು,” ಎಂದು ಕಣ್ಣು ಮುಚ್ಚಿಕೊಂಡರು. ಫೆಬ್ರವರಿ ಮುಗಿಯಲು ಇನ್ನೂ ಐದು ದಿನ ಇತ್ತು.

ಜೂನಿನಲ್ಲಿ ಹಾಲು ಉಕ್ಕಿಸಿದೆವು. ಅತಿಥಿಗಳು ಹೋದ ಮರುದಿನ, ಭಾನುವಾರ ಬೆಳಿಗ್ಗೆ, ನಾನು ನನ್ನ ಅಡುಗೆಮನೆಯಲ್ಲಿ ಅರ್ಧ ಕೆ.ಜಿ. ಬ್ಯಾಡಗಿ ಮೆಣಸಿನಕಾಯಿಯನ್ನು ಬಾಣಲೆಗೆ ಸುರಿದೆ. ಬಾಗಿಲು ಹಾಕಲಿಲ್ಲ, ತಟ್ಟೆ ಮುಚ್ಚಲಿಲ್ಲ. ಘಾಟು ಎದ್ದು ನಡುಮನೆಗೆ ಹೋಯಿತು, ಬಾಲ್ಕನಿಗೆ ಹೋಯಿತು, ಕಾರಿಡಾರಿಗೂ ಹೋಗಿರಬೇಕು. ಇವರು ಕೆಮ್ಮಿದರು. ಮೇಘನಾ ಕೆಮ್ಮಿದಳು. ನಾನೂ ಕೆಮ್ಮಿದೆ, ಆದರೆ ನನ್ನದು ಒಡತಿಯ ಕೆಮ್ಮು. ಕಣ್ಣಲ್ಲಿ ನೀರು ಸುರಿಸುತ್ತಾ, ಯಾರಾದರೂ ಬಂದು ಬಾಗಿಲು ತಟ್ಟಲಿ ಎಂದು ಸೌಟು ಹಿಡಿದು ಕಾದೆ. ಯಾರೂ ಬರಲಿಲ್ಲ. ಹದಿಮೂರು ವರ್ಷ ಸಿದ್ಧಮಾಡಿಟ್ಟಿದ್ದ ಉತ್ತರವೊಂದು ಹಾಗೇ ಉಳಿಯಿತು.

ಮಧ್ಯಾಹ್ನ ಸ್ವಂತ ಪುಡಿಯ ಹುಳಿ ಬಡಿಸಿದೆ. ಇಬ್ಬರೂ ಒಂದೊಂದು ತುತ್ತು ಕಲಸಿ ಬಾಯಿಗಿಟ್ಟು, ಒಬ್ಬರನ್ನೊಬ್ಬರು ನೋಡಿದರು.

“ಹೇಗಿದೆ?”

“ಹ್ಞೂಂ,” ಎಂದರು ಇವರು. ಸೋತವರು ಎಚ್ಚರಿಕೆಯಿಂದ ಮಾತಾಡುತ್ತಾರೆ. “ಡಿಫರೆಂಟ್ ಆಗಿದೆ.”

“ಮಾ, ಡೋಂಟ್ ಮೈಂಡ್ ಆ,” ಎಂದಳು ಮೇಘನಾ, “ಪ್ಯಾಕೆಟ್‌ದೇ ಇನ್ನೂ ಚೆನ್ನಾಗಿರತ್ತೆ ಲಾ.”

ನಾನು ಒಂದು ತುತ್ತು ತಿಂದೆ. ಮೆಂತ್ಯ ಕರಕಾಗಿ ಕಹಿಯಾಗಿತ್ತು. ಮೆಣಸಿನಕಾಯಿಗೆ ಧನಿಯಾ ಎಷ್ಟು ಎಂಬುದನ್ನು ಹದಿಮೂರು ವರ್ಷದಲ್ಲಿ ಕೈ ಮರೆತೇಬಿಟ್ಟಿತ್ತು. ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ನಿಜವನ್ನು ಬರೆದಿಡುವುದೇ ನನ್ನ ಕಸುಬು, ಬರೆದಿದ್ದೇನೆ. ಆದರೆ ಅಂದು ಅವರಿಬ್ಬರ ಎದುರಿಗೇ ಸೌಟು ತುಂಬ ಎರಡನೆಯ ಸಲವೂ ಬಡಿಸಿಕೊಂಡೆ. ಗೆದ್ದವರು ಅಷ್ಟಾದರೂ ತಿನ್ನಬೇಕು.