ಪೂರ್ವದ ಬಾಗಿಲು ಮತ್ತು ನನ್ನ ಲಟ್ಟಣಿಗೆ

ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ನನಗೆ ವಾಸ್ತುವಿನಲ್ಲಿ ನಂಬಿಕೆ ಇಲ್ಲ. ನಾನು ಎಂಜಿನಿಯರಿಂಗ್ ಓದಿದವಳು. ನನ್ನ ಗಂಡ ಪ್ರಸನ್ನನಿಗೂ ನಂಬಿಕೆ ಇಲ್ಲ. ಡಾಲಸ್ ಸುತ್ತಮುತ್ತ ಮನೆ ಹುಡುಕುತ್ತಿರುವ ನಮ್ಮ ಯಾವ ಸ್ನೇಹಿತರಿಗೂ ಇಲ್ಲ. ಆದರೂ ಎಲ್ಲರಿಗೂ ಪೂರ್ವಕ್ಕೆ ಬಾಗಿಲಿರುವ ಮನೆಯೇ ಬೇಕು. ಯಾಕೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ನಮಗೋಸ್ಕರ ಅಲ್ಲಪ್ಪ, ರೀಸೇಲ್‌ಗೆ!" ಅಂದರೆ ಮುಂದೊಂದು ದಿನ ನಾವು ಆ ಮನೆಯನ್ನು ಮಾರುವಾಗ, ಕೊಳ್ಳಲು ಬಂದವರಿಗೆ ನಂಬಿಕೆ ಇದ್ದರೆ? ಆ ಬರುವವರೂ ನಮ್ಮ ಹಾಗೆ ನಂಬಿಕೆ ಇಲ್ಲದೆ, ರೀಸೇಲ್‌ಗಾಗಿ ಪೂರ್ವ ಕೇಳುವವರೇ. ಹೀಗೆ ಯಾರೂ ನಂಬದ ಶಾಸ್ತ್ರವೊಂದು ಟೆಕ್ಸಸ್‌ನಲ್ಲಿ ಸುಖವಾಗಿ ಬಾಳುತ್ತಿದೆ.

ನಾವಿಬ್ಬರು ಮಾತ್ರ ಸುಖವಾಗಿ ಬಾಳುತ್ತಿರಲಿಲ್ಲ. ಡಾಲಸ್ ಪಕ್ಕದ ಲೂಯಿಸ್‌ವಿಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯ ತರುಣ ಬೆಳಗ್ಗೆ ಹಗ್ಗ ಹಿಡಿದು ಕುಣಿಯುತ್ತಾನೆ. ನಮ್ಮ ತೊಗರಿಬೇಳೆ ಡಬ್ಬಿ ಅವನ ಜೊತೆ ಕುಣಿಯುತ್ತದೆ. ಬಾಡಿಗೆ ವರ್ಷಕ್ಕೊಮ್ಮೆ ಅವನಿಗಿಂತ ಎತ್ತರ ಹಾರುತ್ತದೆ. ಸ್ವಂತ ಮನೆ ಬೇಕೆಂದು ಮೊದಲು, ಪ್ರಸನ್ನನ ಕೆಲಸ ಆ ಕಡೆ ಇದ್ದಾಗ, ಟೇಲರ್ ಎಂಬ ಊರಲ್ಲಿ ನೋಡಿದೆವು. ಅಲ್ಲಿ ಚಿಪ್ ಕಾರ್ಖಾನೆ ಬರುತ್ತದೆ ಎಂಬ ಸುದ್ದಿ ನಮಗಿಂತ ಮೊದಲು ಎಲ್ಲರಿಗೂ ಗೊತ್ತಾಗಿ, ಬೆಲೆ ಕೈಗೆ ಸಿಗದಷ್ಟು ಏರಿತ್ತು. ಪ್ರಸನ್ನನ ಕೆಲಸ ಡಾಲಸ್‌ಗೆ ಬಂದ ಮೇಲೆ ಇಲ್ಲಿ ಹುಡುಕಾಟ. ಇಷ್ಟವಾದ ಮನೆಗೆ ನಾವು ಆಫರ್ ಕೊಡುವಷ್ಟರಲ್ಲಿ ಯಾರೋ ಪೂರ್ತಿ ನಗದು ಕೊಟ್ಟು ಕೊಂಡಿರುತ್ತಿದ್ದರು. ಸಿಗಬಹುದಾಗಿದ್ದ ಮನೆಗಳು ನನ್ನ ಫೋನಿನ ದಿಕ್ಸೂಚಿಯಲ್ಲಿ ಆಗ್ನೇಯವನ್ನೋ ದಕ್ಷಿಣವನ್ನೋ ತೋರಿಸುತ್ತಿದ್ದವು. ಅವನ್ನು ನಾವೇ ಬಿಟ್ಟು ಬರುತ್ತಿದ್ದೆವು. ನಮ್ಮ ಏಜೆಂಟ್ ಕ್ಯಾರಲ್ ಎಂಬ ಹೆಂಗಸು ಮೊದಲ ತಿಂಗಳು ನಮ್ಮನ್ನು ಕಂಡರೆ ತಬ್ಬಿಕೊಳ್ಳುತ್ತಿದ್ದಳು. ಆಮೇಲಾಮೇಲೆ ಕಾರಿನಿಂದಲೇ ಕೈ ಬೀಸತೊಡಗಿದಳು.

ಮಾರ್ಚ್‌ನಲ್ಲಿ ಆ ಮನೆ ಸಿಕ್ಕಿತು. ಹಳೆಯ ಬೀದಿ, ಮುಂದೆ ಒಂದು ದೊಡ್ಡ ಓಕ್ ಮರ, ಬಾಗಿಲಿಗೆ ಎರಡು ಮೆಟ್ಟಿಲು, ಬಿಸಿಲು ಬೀಳುವ ಅಡುಗೆಮನೆ. ಪ್ರಸನ್ನ ಅಡುಗೆಮನೆಯ ಕಿಟಕಿಯ ಬಳಿ ನಿಂತು "ಇಲ್ಲಿ ಕರಿಬೇವಿನ ಗಿಡ ಇಡ್ಬೋದು ಕಣೇ" ಎಂದ. ಕಸ ಹೊರಗಿಡಲೂ ಮೂರು ಸಲ ಹೇಳಿಸಿಕೊಳ್ಳುವ ಮನುಷ್ಯ ತಾನಾಗಿ ಗಿಡದ ಮಾತಾಡಿದ್ದ! ನನ್ನ ಕಣ್ಣು ಒದ್ದೆಯಾಯಿತು. ಮನೆಯ ಯಜಮಾನರು ಹೆಂಡತಿ ತೀರಿಕೊಂಡ ಮೇಲೆ ಹ್ಯೂಸ್ಟನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾರೆ, ಮನೆ ಖಾಲಿ, ಕೊಂಡು ಬಾಡಿಗೆಗೆ ಬಿಡುವವರಿಗೆ ಅವರು ಮಾರುವುದಿಲ್ಲ, ಸಂಸಾರ ಮಾಡುವವರೇ ಬೇಕಂತೆ ಎಂದು ಕ್ಯಾರಲ್ ಹೇಳಿದಳು. "ಇದು ನಿಮ್ಮದೇ ಅಂದ್ಕೊಳ್ಳಿ. ನಾಳೆ ಮಧ್ಯಾಹ್ನದೊಳಗೆ ಆಫರ್ ಕಳಿಸಿ. ದಯವಿಟ್ಟು ಆ ಫೋನ್ ಮಾತ್ರ ಹೊರಗೆ ತೆಗೀಬೇಡಿ."

ತೆಗೆದೆ. ಆಗ್ನೇಯ!

ಪ್ರಸನ್ನನಿಗೆ ರೇಗಿತು. "ಮ್ಯಾಪಲ್ಲಿ ನೋಡೇ, ಪೂರ್ವದ ಥರಾನೇ ಇದೆ."

"ಬೀದಿ ಅಲ್ಲೇ ಬಾಗಿದೆ. ಮನೆ ಮೇಲೆ ಪೂರ್ತಿ ಮರ ಮುಚ್ಕೊಂಡಿದೆ. ಬಾಗಿಲು ಯಾವ ಕಡೆ ಅಂತ ಹೇಗೆ ಹೇಳ್ತೀಯ?"

"ಬಾಗಿಲು ರಸ್ತೆ ಕಡೆ ಇದೆ. ಒಳಗೆ ಹೋಗೋಕೆ ಅಷ್ಟು ಸಾಲದಾ?"

ಸಾಲದು. ರೀಸೇಲ್! ಹಾಗಾಗಿ ಹ್ಯೂಸ್ಟನ್ ಬಳಿಯ ಸ್ಟಾಫರ್ಡ್‌ನ ದೇಸಾಯಿ ಅಂಕಲ್‌ಗೆ ಫೋನ್ ಮಾಡಿದೆ. ಹುಬ್ಬಳ್ಳಿ ಮೂಲದ ಅಂಕಲ್‌ಗೆ ಅಲ್ಲಿ ದಿನಸಿ ಅಂಗಡಿ ಇದೆ. ವಾಸ್ತು ಅವರ ವೃತ್ತಿಯಲ್ಲ, ಉತ್ಸಾಹ. ವೃತ್ತಿಯವರಾದರೆ ಎಲ್ಲಾದರೂ ನಿಲ್ಲಿಸುತ್ತಾರೆ.

"ಆಗ್ನೇಯ ಅಂದ್ರ ಬೆಂಕಿ ಮೂಲಿ ಅದ ತಂಗಿ! ಗಂಡ ಹೆಂಡ್ತಿ ದಿನಾ ಜಗಳಾಡ್ತೀರಿ."

"ಈಗ್ಲೂ ದಿನಾ ಆಡ್ತೀವಿ ಅಂಕಲ್, ಅಪಾರ್ಟ್‌ಮೆಂಟಲ್ಲೇ" ಎಂದ ಪ್ರಸನ್ನ, ಹಿಂದಿನಿಂದ.

"ಅಲ್ಲಾ, ಈ ಫೋನಿನ ಕಂಪಾಸ್ ಯಾಕ ನಂಬ್ತೀರಿ? ಸೂರ್ಯನ್ನ ನಂಬ್ರಿ! ನಮ್ಮ ಹಿರ್ಯಾರು ಏನ್ ಮಾಡ್ತಿದ್ರು? ನೆಲದಾಗ ಒಂದು ಕೋಲು ಹುಗದು ನೆರಳು ನೋಡ್ತಿದ್ರು. ಈಗ ಮಾರ್ಚ್ ತಿಂಗ್ಳು, ಸೂರ್ಯ ಸೀದಾ ಪೂರ್ವಕ್ಕ ಹುಟ್ತಾನ. ಮುಂಜಾನೆ ಬಾಗಿಲ ಮುಂದ ಕೋಲು ನಿಲ್ಸ್ರಿ. ನೆರಳು ಹೊಸ್ತಿಲಿಗೆ ನೆಟ್ಟಗ ಬಿತ್ತಂದ್ರ ಕಣ್ಣ ಮುಚ್ಚಿ ತಗೊಳ್ರಿ."

ನನ್ನೊಳಗಿನ ಎಂಜಿನಿಯರ್ ಎಚ್ಚರಗೊಂಡಳು. ಇದು ಮೂಢನಂಬಿಕೆಯಲ್ಲ, ಖಗೋಳಶಾಸ್ತ್ರ! ಖಾಲಿ ಮನೆ, ಬೆಳಗಿನ ಹೊತ್ತು, ಒಂದು ಕೋಲು, ಒಂದು ನೆರಳು. ಇದರಲ್ಲಿ ಎಡವಟ್ಟಾಗಲು ಏನಿದೆ?

ಕೋಲೇ ಇರಲಿಲ್ಲ. ಬಾಡಿಗೆ ಮನೆಯಲ್ಲಿ ವರ್ಷಗಟ್ಟಲೆ ಇದ್ದವರ ಬಳಿ ನೆಟ್ಟಗಿರುವ ವಸ್ತುಗಳು ಕಡಿಮೆ. ಕಸಪೊರಕೆಯ ಹಿಡಿ ಬಾಗಿತ್ತು. ಕೊನೆಗೆ ಅಡುಗೆಮನೆಯಿಂದ ಲಟ್ಟಣಿಗೆ ತೆಗೆದುಕೊಂಡೆ. ತುಮಕೂರಿನಿಂದ ಅಮ್ಮ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ಕಳಿಸಿದ್ದು. ಗಟ್ಟಿ ಮರ, ಎರಡೂ ಕಡೆ ಚೂಪಾದ ಹಿಡಿ.

"ನಾವು ಮನೆ ತಗೊಳ್ಳೋಕೆ ಹೋಗ್ತಿದೀವಾ, ಹೋಳಿಗೆ ಮಾಡೋಕಾ?" ಎಂದ ಪ್ರಸನ್ನ. ಆದರೂ ಕಾರು ತೆಗೆದ. ಪಾಪ, ಅವನಿಗೆ ನಿದ್ದೆಗಿಂತ ಆ ಕಿಟಕಿಯ ಕರಿಬೇವು ಮುಖ್ಯವಾಗಿತ್ತು.

ನಾವು ತಲುಪಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಬೀದಿ ನಿಶ್ಶಬ್ದ. ಬಾಗಿಲ ನೇರಕ್ಕೆ ಹುಲ್ಲಿನ ಮೇಲೆ ಕುಳಿತು ಲಟ್ಟಣಿಗೆಯನ್ನು ನೆಲಕ್ಕೆ ಒತ್ತಿದೆ. ಹೋಗಲಿಲ್ಲ. ಇಲ್ಲಿನ ಜೇಡಿಮಣ್ಣು ಮಳೆಯಾದಾಗ ಕಲಸಿದ ಹಿಟ್ಟು, ಆಗದಿದ್ದಾಗ ಕಾಂಕ್ರೀಟ್. ಪ್ರಸನ್ನ ಹೂವಿನ ಪಾತಿಯ ಅಂಚಿನಿಂದ ಒಂದು ಕಲ್ಲು ಎತ್ತಿ ತಂದ. ನಾನು ಹಿಡಿದುಕೊಂಡೆ, ಅವನು ಕುಟ್ಟಿದ. ಟಕ್. ಟಕ್. ಟಕ್. ಹಿಡಿ ಒಳಗೆ ಇಳಿಯಿತು. ಒಳಗೆಲ್ಲೋ ಪ್ಲಾಸ್ಟಿಕ್ ಬಿರಿದಂತೆ ಸಣ್ಣ ಸದ್ದು ಕೇಳಿತು. ಬೇರು ಇರಬೇಕು ಎಂದುಕೊಂಡೆ. ಎಂಜಿನಿಯರ್!

ಲಟ್ಟಣಿಗೆ ಧ್ವಜಸ್ತಂಭದಂತೆ ನಿಂತಿತು. ನಾವು ಭಕ್ತಿಯಿಂದ ಪೂರ್ವಕ್ಕೆ ಮುಖ ಮಾಡಿ ಕುಳಿತೆವು. ಪೂರ್ವ ಎಂದು ನಾವು ಆಶಿಸಿದ್ದ ಕಡೆಗೆ.

ಟೆಕ್ಸಸ್‌ನಲ್ಲಿ ಹುಲ್ಲಿಗೆ ನೀರು ಹಾಯಿಸುವ ಕೊಳವೆಗಳನ್ನು ನೆಲದಡಿ ಹೂತಿರುತ್ತಾರೆ. ಅವು ಬೆಳಗಿನ ಜಾವ ತಾವಾಗಿ ಚಾಲೂ ಆಗುತ್ತವೆ. ಇದು ಸ್ವಂತ ಮನೆ ಇರುವವರಿಗೆಲ್ಲ ಗೊತ್ತು. ಬಾಡಿಗೆಯವರಿಗೆ ಯಾರು ಹೇಳಬೇಕು?

ನೆಲದಿಂದ ಗುಳುಗುಳು ಎಂದಿತು. ಮರುಕ್ಷಣ ನಮ್ಮ ಲಟ್ಟಣಿಗೆ ರಾಕೆಟ್ಟಿನಂತೆ ಮೇಲಕ್ಕೆ ಹಾರಿತು! ಅದರ ಹಿಂದೆಯೇ ಆಳೆತ್ತರದ ಕಾರಂಜಿ. ನಾನು ಅಮ್ಮನ ಲಟ್ಟಣಿಗೆ ಬಾಗಿಲ ಪಕ್ಕದ ಕಿಟಕಿ ಗಾಜಿನ ಮೇಲೆ ಬೀಳಬಾರದೆಂದು ಓಡಿ, ಜಿಗಿದು, ಒಂದೇ ಕೈಯಲ್ಲಿ ಹಿಡಿದೆ. ಜೀವನದಲ್ಲಿ ನಾನು ಹಿಡಿದ ಒಂದೇ ಒಂದು ಕ್ಯಾಚ್.

ಅದೇ ಹೊತ್ತಿಗೆ ಬಾಗಿಲು ತೆರೆಯಿತು.

ಆ ಖಾಲಿ ಮನೆಯ ಬಾಗಿಲಲ್ಲಿ ಬನಿಯನ್ ಹಾಕಿದ ಎತ್ತರದ ಮುದುಕರೊಬ್ಬರು ನಿಂತಿದ್ದರು. ಕೈಯಲ್ಲಿ ಉದ್ದನೆಯ ಬಂದೂಕು. ಅದರ ಮೂತಿ ನನ್ನ ಕಡೆಗೆ. ಅವರ ಕಣ್ಣಿಗೆ ಕಂಡದ್ದೇನು? ನಸುಗತ್ತಲಲ್ಲಿ, ನೆನೆದು ತೊಪ್ಪೆಯಾಗಿ, ದೊಣ್ಣೆ ಎತ್ತಿಕೊಂಡು ತಮ್ಮ ಬಾಗಿಲಿಗೆ ಓಡಿ ಬರುತ್ತಿರುವ ಹೆಂಗಸು. ಹಿಂದೆ ಕಲ್ಲು ಹಿಡಿದ ಗಂಡಸು.

"ಕೈಯಲ್ಲಿರೋದನ್ನ ಕೆಳಗೆ ಹಾಕು!" ಎಂದರು, ಇಂಗ್ಲಿಷಿನಲ್ಲಿ, ತುಂಬ ಮೆಲ್ಲಗೆ. ಆ ಮೆಲುದನಿಯೇ ಈಗಲೂ ಕಿವಿಯಲ್ಲಿದೆ.

ನಾನು ಹಾಕಲಿಲ್ಲ. ಧೈರ್ಯದಿಂದಲ್ಲ, ಬೆರಳು ಬಿಚ್ಚಲಿಲ್ಲ.

"ಬಿಡೇ ಅದನ್ನ!" ಪ್ರಸನ್ನ ಕಿರುಚಿದ. "ಹೊಸಾದು ತಗೊಳ್ಳೋಣ, ಎರಡು ತಗೊಳ್ಳೋಣ, ಬಿಡೇ!"

"ಆಗ್ತಿಲ್ಲ ಕಣೋ!"

ಅವರಿಗೆ ಅರ್ಥವಾಗದ ಭಾಷೆಯಲ್ಲಿ ನಾವು ಕೂಗಾಡಿದ್ದು ಪರಿಸ್ಥಿತಿಯನ್ನು ಸುಧಾರಿಸಲಿಲ್ಲ. ಬಂದೂಕಿನಿಂದ ಕಟಕ್ ಎಂದು ಸದ್ದು ಬಂತು. ಬೆರಳು ತಾನಾಗಿ ಬಿಚ್ಚಿತು. ಲಟ್ಟಣಿಗೆ ನನ್ನ ಕಾಲ ಮೇಲೆಯೇ ಬಿತ್ತು. ಅಳಲು ಕೂಡ ಹೆದರಿ ಎರಡೂ ಕೈ ಮೇಲೆತ್ತಿ ನಿಂತೆ.

"ಏನು ಮಾಡ್ತಿದೀರಿ ನನ್ನ ಹುಲ್ಲಲ್ಲಿ?"

"ಸರ್, ನಿಮ್ಮ ಮನೆ ಕೊಳ್ತಿದೀವಿ."

"ಹೀಗಾ?"

ಆಮೇಲೆ ನನ್ನ ಬಾಯಿಂದ ಹೊರಟದ್ದನ್ನು ನಾನು ನಿಲ್ಲಿಸಲಾರದೆ ಹೋದೆ. ಬಂದೂಕಿನ ಎದುರು ಮನುಷ್ಯ ಪ್ರಾರ್ಥನೆ ಮಾಡುತ್ತಾನಂತೆ. ನಾನು ವಾಸ್ತು ಉಪನ್ಯಾಸ ಕೊಟ್ಟೆ. ಪೂರ್ವದ ಬಾಗಿಲಿನಿಂದ ಮನೆಯವರಿಗೆ ಆರೋಗ್ಯ, ದೀರ್ಘಾಯುಷ್ಯ, ಮನಶ್ಶಾಂತಿ ಲಭಿಸುವುದನ್ನು ವಿವರಿಸಿದೆ. ಸಾವಿರಾರು ವರ್ಷಗಳ ಪರಂಪರೆಯನ್ನು ಪ್ರಸ್ತಾಪಿಸಿದೆ. ದೇಸಾಯಿ ಅಂಕಲ್ ಹೇಳಿದ್ದು, ಹೇಳದಿದ್ದದ್ದು, ಮುಂದೆ ಎಂದಾದರೂ ಹೇಳಬಹುದಾದದ್ದು, ಎಲ್ಲವನ್ನೂ ಹೇಳಿದೆ. ಕಾರಂಜಿ ಹಿನ್ನೆಲೆ ಸಂಗೀತ ನೀಡುತ್ತಿತ್ತು.

ಬಂದೂಕು ನಿಧಾನವಾಗಿ ಕೆಳಗಿಳಿಯಿತು. ಅವರೇ ಮನೆಯ ಯಜಮಾನರು, ವಾಲ್ಟರ್. ಉಳಿದಿದ್ದ ಪೆಟ್ಟಿಗೆಗಳನ್ನು ಒಯ್ಯಲು ಹಿಂದಿನ ಸಂಜೆ ಹ್ಯೂಸ್ಟನ್‌ನಿಂದ ಬಂದವರು, ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿ ಒಳಗೇ ಮಲಗಿದ್ದರು. ಹೋಗಿ ನೀರು ನಿಲ್ಲಿಸಿದರು. ನನಗೆ ಒಂದು ಟವೆಲ್ ಕೊಟ್ಟರು. ಕೊಳವೆ ರಿಪೇರಿ ಮಾಡಿಸಿಕೊಡುತ್ತೇವೆಂದು ಪ್ರಸನ್ನ ಹತ್ತು ಸಲ ಹೇಳಿದ. ಆಮೇಲೆ ಮೂವರೂ ಮೆಟ್ಟಿಲ ಮೇಲೆ ಕುಳಿತೆವು. ಅವರ ಕೈಗೆ ಬಂದೂಕಿನ ಬದಲು ಕಾಫಿ ಲೋಟ ಬಂದಿತ್ತು. ಆದರೂ ಅವರು ಲೋಟ ಎತ್ತಿದಾಗಲೆಲ್ಲ ನನ್ನ ಕೈ ಮೇಲೆ ಹೋಗುತ್ತಿತ್ತು.

"ಕೋಲು ಯಾಕೆ? ನನ್ನನ್ನ ಕೇಳಿದ್ರೆ ಹೇಳ್ತಿದ್ದೆ" ಎಂದರು. "ನಾನೂ ನನ್ನ ಹೆಂಡತೀನೂ ದಿನಾ ಇಲ್ಲೇ ಕೂತು ಕಾಫಿ ಕುಡೀತಿದ್ವಿ. ಈಗ ನೋಡು."

ನೋಡಿದೆವು. ಎದುರು ಮನೆಯ ಹಿಂದಿನಿಂದ ಸೂರ್ಯ ಹುಟ್ಟಿದ. ಬೆಳಕು ಓಕ್ ಮರದ ಅಡಿಯಿಂದ ನೇರವಾಗಿ ಬಂದು ಮೂವರ ಮುಖಕ್ಕೆ, ಮುಖ ದಾಟಿ ಬಾಗಿಲಿಗೆ ಬಿತ್ತು. ಶುದ್ಧ ಪೂರ್ವ! ನಾನು ಫೋನ್ ತೆಗೆದೆ. ಅದು ಸೂರ್ಯನನ್ನು ಎದುರಿಗಿಟ್ಟುಕೊಂಡೇ ಆಗ್ನೇಯ ಎನ್ನುತ್ತಿತ್ತು. ಪ್ರಸನ್ನ ಅದನ್ನು ಕಿತ್ತುಕೊಂಡು, ಹಿಂದೆ ಅಯಸ್ಕಾಂತವಿರುವ ಕವರನ್ನು ಬಿಚ್ಚಿ ವಾಪಸ್ ಕೊಟ್ಟ. ಮುಳ್ಳು ಒಂದು ಸುತ್ತು ಹೊಡೆದು ಪೂರ್ವದಲ್ಲಿ ನಿಂತಿತು. ಆ ಕವರ್ ಹಾಕಿಕೊಂಡೇ ನಾನು ಅರ್ಧ ಡಾಲಸನ್ನು ದಕ್ಷಿಣಕ್ಕೆ ತಿರುಗಿಸಿ ಬಿಟ್ಟುಬಂದಿದ್ದೆ. ಪ್ರಸನ್ನ ಆ ಕವರನ್ನು ತನ್ನ ಜೇಬಿಗೆ ಹಾಕಿಕೊಂಡ. ಬೈದಿದ್ದರೆ ವಾಸಿಯಿತ್ತು.

ವಾಲ್ಟರ್ ಮಾತ್ರ ಯೋಚನೆಯಲ್ಲಿದ್ದರು. "ನನ್ನ ವಯಸ್ಸಿಗೆ ಈ ಆರೋಗ್ಯ ಹೇಗೆ ಅಂತ ಡಾಕ್ಟರಿಗೇ ಆಶ್ಚರ್ಯ" ಎಂದರು. "ಅದೂ ಈ ಬಾಗಿಲಿಂದಾನಾ?"

"ಮತ್ತೆ ಇನ್ಯಾವುದರಿಂದ ಸರ್!" ಎಂದೆ. ಮನೆ ನಮ್ಮದಾಗುವ ಲಕ್ಷಣ ಕಂಡು ನನಗೆ ಉತ್ಸಾಹ ಬಂದಿತ್ತು.

"ಎಷ್ಟು ವರ್ಷ ಇದ್ದರೆ ಅದರ ಫಲ ಸಿಗತ್ತೆ?"

"ಎಷ್ಟು ವರ್ಷ ಇದ್ದರೆ ಅಷ್ಟು ಒಳ್ಳೇದು ಸರ್. ಇಂಥಾ ಮನೇನ ಬಿಡಲೇಬಾರದು!"

ಪ್ರಸನ್ನ ನನ್ನ ಕಾಲು ತುಳಿದ. ಲಟ್ಟಣಿಗೆ ಬಿದ್ದಿದ್ದ ಕಾಲನ್ನೇ. ನನಗೆ ಸೂಕ್ಷ್ಮ ತಿಳಿಯಲಿಲ್ಲ.

"ನನ್ನ ಮಗಳ ಮನೆ ನೋಡು ಹಾಗಾದರೆ" ಎಂದು ಅವರು ತಮ್ಮ ಫೋನಿನಲ್ಲಿ ಹ್ಯೂಸ್ಟನ್ ಮನೆಯ ನಕ್ಷೆ ತೋರಿಸಿದರು. ಈ ಸಲ ನಕ್ಷೆಯಲ್ಲಿ ಮರ ಅಡ್ಡ ಇರಲಿಲ್ಲ. ನಾನು ಎರಡು ಬೆರಳಲ್ಲಿ ಹಿಗ್ಗಿಸಿ, ಪೂರ್ತಿ ಶಾಸ್ತ್ರೋಕ್ತವಾಗಿ ಪರಿಶೀಲಿಸಿದೆ.

"ಅಯ್ಯೋ! ದಕ್ಷಿಣ!" ಎಂದೆ. ಲೊಚಗುಟ್ಟಿದೆ ಕೂಡ.

ಮನೆಗೆ ಬಂದು, ಬಟ್ಟೆ ಬದಲಿಸಿ, ಕೈಗೆ ನಿಲುಕುವುದಕ್ಕಿಂತ ಒಂದು ಗೇಣು ಹೆಚ್ಚೇ ಆಫರ್ ಕಳಿಸಿದೆವು. ನಾವು ಹೊರಡುವಾಗ ವಾಲ್ಟರ್ ನಮ್ಮಿಬ್ಬರ ಕೈ ಕುಲುಕಿದ್ದರು; ನನ್ನ ಬೆನ್ನು ಕೂಡ ತಟ್ಟಿದ್ದರು. ಪ್ರಸನ್ನ ಫೋನಿನಲ್ಲಿ ಕರಿಬೇವಿನ ಸಸಿ ಎಲ್ಲಿ ಸಿಗುತ್ತದೆಂದು ಹುಡುಕುತ್ತಿದ್ದ. ನಾನು ಸೋಫಾದಲ್ಲಿ ಕಣ್ಣು ಮುಚ್ಚಿದರೆ ಸಾಕು, ಬಾಗಿಲು ತೆರೆಯುತ್ತಿತ್ತು, ಕಟಕ್ ಎನ್ನುತ್ತಿತ್ತು.

ಸಂಜೆ ಕ್ಯಾರಲ್ ಫೋನ್ ಮಾಡಿದಳು. ಪ್ರಸನ್ನ ಸ್ಪೀಕರ್ ಹಾಕಿದ.

"ಆ ಮನೆ ಹೋಯ್ತು" ಎಂದಳು.

"ಯಾರಿಗೆ?" ಇಬ್ಬರೂ ಒಟ್ಟಿಗೆ ಕೇಳಿದೆವು. "ನಗದು ಕೊಟ್ಟವರಿಗಾ?"

"ಯಾರಿಗೂ ಇಲ್ಲ. ವಾಲ್ಟರ್ ಮಾರೋದನ್ನೇ ನಿಲ್ಲಿಸಿದಾರೆ. ಅಲ್ಲೇ ಇರ್ತಾರಂತೆ. ಇವತ್ತು ಬೆಳಗ್ಗೆ ಯಾರೋ ತುಂಬಾ ಓದಿಕೊಂಡಿರೋ ಹುಡುಗಿ ಬಂದು ಆ ಮನೆ ಬೆಲೆ ಏನು ಅಂತ ಅರ್ಥ ಮಾಡಿಸಿದಳಂತೆ." ಆಮೇಲೆ ದನಿ ತಗ್ಗಿಸಿದಳು. "ಅದು ನೀನಲ್ಲ ಅಂತ ಹೇಳು."

ಪ್ರಸನ್ನ ಸಸಿ ಹುಡುಕುತ್ತಿದ್ದ ಪುಟವನ್ನು ಮುಚ್ಚಿದ.

"ಮತ್ತೊಂದು ವಿಷಯ" ಎಂದಳು ಕ್ಯಾರಲ್, ದಣಿದ ದನಿಯಲ್ಲಿ. "ಮಲಗುವಾಗ ತಲೆ ಯಾವ ದಿಕ್ಕಿಗೆ ಇಡಬೇಕು ಅಂತ ಅವರು ಕೇಳ್ತಿದಾರೆ. ಮಂಚ ವಾಪಸ್ ತರಿಸ್ತಿದಾರಂತೆ."

ದಕ್ಷಿಣಕ್ಕೆ ಎಂದೆ. ಸುಳ್ಳು ಹೇಳಬಹುದಿತ್ತು, ಮನಸ್ಸಾಗಲಿಲ್ಲ. ಅದು ನಾನು ಇಷ್ಟಪಟ್ಟ ಮನೆ. ಅದರಲ್ಲಿ ಯಾರಾದರೂ ಸರಿಯಾಗಿ ನಿದ್ದೆ ಮಾಡಲಿ.